ನೋವಿನ ಮಾತ್ರೆ: ಶುರು ಮಾಡುವ ದಿನವೇ ನಿಲ್ಲಿಸುವ ದಿನ ಕೇಳಿ



ನಮ್ಮ ವಿದ್ಯಾರ್ಥಿವೇತನದ ಅರ್ಜಿಯ ಎರಡನೇ ಪುಟದಲ್ಲಿ ‘ಮನೆಯ ತಿಂಗಳ ಖರ್ಚು’ ಎಂಬ ಪಟ್ಟಿ ಇದೆ. ಬಾಡಿಗೆ, ರೇಷನ್, ಕರೆಂಟ್ ಬಿಲ್, ಮಕ್ಕಳ ಫೀಸು, ಕೊನೆಗೆ ‘ಇತರೆ’. ಕಳೆದ ವರ್ಷ ಅರ್ಜಿಗಳನ್ನು ಪರಿಶೀಲಿಸುವಾಗ ಪಿಯುಸಿ ಓದುವ ಒಬ್ಬ ಹುಡುಗಿಯ ಅರ್ಜಿಯಲ್ಲಿ ‘ಇತರೆ’ ಎಂಬಲ್ಲಿ ಹೀಗೆ ಬರೆದಿತ್ತು: ‘ಅಬ್ಬಾರ ಕಾಲುನೋವಿನ ಮಾತ್ರೆ, 1,200 ರೂಪಾಯಿ.’ ಆ ಮನೆಯಲ್ಲಿ ಮಗಳ ಪುಸ್ತಕ, ನೋಟ್‌ಬುಕ್ಕಿಗೆ ಬರೆದಿದ್ದ ಮೊತ್ತಕ್ಕಿಂತ ಇದು ಹೆಚ್ಚು.

ಮನೆ ಭೇಟಿಗೆ ಹೋದಾಗ ವಿಷಯ ತಿಳಿಯಿತು. ತಂದೆ ಟೈಲ್ಸ್ ಕೆಲಸದವರು. ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದ್ದರು. ಮನೆಗೆ ಕಳಿಸುವಾಗ ವೈದ್ಯರು ಬರೆದದ್ದು ಐದು ದಿನದ ಮಾತ್ರೆ. ಆದರೆ ಅದೇ ಚೀಟಿಯನ್ನು ಮೆಡಿಕಲ್‌ನಲ್ಲಿ ತೋರಿಸುತ್ತಾ ಹನ್ನೊಂದು ತಿಂಗಳು ಮಾತ್ರೆ ತೆಗೆದುಕೊಂಡಿದ್ದರು. ದಿನಕ್ಕೆ ಎರಡರಿಂದ ಶುರುವಾದದ್ದು ಐದಕ್ಕೆ ಬಂದಿತ್ತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿತ್ತು. “ಮಾತ್ರೆ ಬಿಟ್ಟರೆ ಕಾಲು ಮಾತ್ರ ಅಲ್ಲ ಸರ್, ಇಡೀ ಮೈ ಮುರಿದ ಹಾಗೆ ಆಗುತ್ತೆ. ರಾತ್ರಿ ನಿದ್ದೆಯೇ ಇಲ್ಲ” ಎಂದರು. ಅವರ ಹೆಂಡತಿ ತಲೆ ತಗ್ಗಿಸಿ, “ಯಾರಿಗೂ ಹೇಳಬೇಡಿ ಸರ್, ನಶೆ ಮಾಡ್ತಾರೆ ಅಂದುಕೊಳ್ತಾರೆ” ಎಂದರು.

ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇವೆ. ಆ ದಿನದಿಂದ ಮನೆ ಭೇಟಿಗಳಲ್ಲಿ ಹಳೆಯ ಚೀಟಿಗಳ ಬಗ್ಗೆಯೂ ಕೇಳತೊಡಗಿದೆವು. ಇಂಥ ಮನೆ ಅದೊಂದೇ ಅಲ್ಲ ಎಂದು ತಿಳಿಯಿತು. ನಮ್ಮ ಕುಟುಂಬಗಳಲ್ಲಿ ಗಾರೆ ಕೆಲಸದವರು, ಆಟೋ ಓಡಿಸುವವರು, ಹಮಾಲಿ ಮಾಡುವವರು, ಗ್ಯಾರೇಜ್ ಕೆಲಸದವರು ಹೆಚ್ಚು. ಕೈಕಾಲು ಮುರಿಯುವ ಅಪಾಯ ಇವರಿಗೇ ಹೆಚ್ಚು. ಆದ್ದರಿಂದ ಈ ವರ್ಷದ ವರದಿಯಲ್ಲಿ ಇದನ್ನು ವಿವರವಾಗಿ ಬರೆಯಬೇಕು ಎನಿಸಿತು. ನಾವು ವೈದ್ಯರಲ್ಲ, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬದಲಿಸಬಾರದು. ವೈದ್ಯರ ಹತ್ತಿರ ಏನು ಕೇಳಬೇಕು ಎಂದು ತಿಳಿದುಕೊಳ್ಳಲು ಓದಬೇಕು.

ಎಲ್ಲ ನೋವಿನ ಮಾತ್ರೆಗಳೂ ಒಂದೇ ಅಲ್ಲ

ನಾವು ‘ಪೇನ್‌ಕಿಲ್ಲರ್’ ಎಂದು ಒಂದೇ ಹೆಸರಿನಿಂದ ಕರೆಯುವ ಮಾತ್ರೆಗಳಲ್ಲಿ ಮುಖ್ಯವಾಗಿ ಮೂರು ಗುಂಪುಗಳಿವೆ.

ಮೊದಲನೆಯದು ಪ್ಯಾರಾಸಿಟಮಾಲ್. ಜ್ವರಕ್ಕೆ ಎಲ್ಲರ ಮನೆಯಲ್ಲೂ ಇರುತ್ತದೆ. ಇದು ಜ್ವರದ ಮಾತ್ರೆ, ಮುರಿದ ಮೂಳೆಗೆ ಏನು ಮಾಡೀತು ಎಂಬ ತಾತ್ಸಾರ ಹಲವರಿಗಿದೆ. ಸರಿಯಾದ ಪ್ರಮಾಣದಲ್ಲಿ, ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಇದು ಒಳ್ಳೆಯ ನೋವು ನಿವಾರಕ.

ಎರಡನೆಯದು ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೋಕ್ಸೆನ್ ಮೊದಲಾದವು. ಪೆಟ್ಟಾದ ಜಾಗದಲ್ಲಿ ದೇಹವು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಊತ, ಬಿಸಿ, ನೋವು ಇದರಿಂದಲೇ ಹೆಚ್ಚುತ್ತವೆ. ಈ ಮಾತ್ರೆಗಳು ಅದರ ತಯಾರಿಕೆಯನ್ನೇ ಕಡಿಮೆ ಮಾಡುತ್ತವೆ.

ಮೂರನೆಯದು ಓಪಿಯಾಯ್ಡ್‌ಗಳು. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಬರುವ ಅಫೀಮು ಇವುಗಳ ಮೂಲ. ಮಾರ್ಫಿನ್, ಕೊಡೀನ್ ಅಫೀಮಿನಲ್ಲೇ ಇರುವಂಥವು. ನಮ್ಮ ಕಡೆ ಮೂಳೆ ಮುರಿದವರ ಚೀಟಿಯಲ್ಲಿ ಹೆಚ್ಚಾಗಿ ಕಾಣುವ ಟ್ರಮಡಾಲ್, ಟಪೆಂಟಡಾಲ್ ಕಾರ್ಖಾನೆಯಲ್ಲಿ ತಯಾರಾದರೂ ಇದೇ ಗುಂಪಿನವು. ಇವು ಪೆಟ್ಟಾದ ಜಾಗದ ಊತಕ್ಕೆ ಏನೂ ಮಾಡುವುದಿಲ್ಲ. ಮಿದುಳು ಮತ್ತು ಬೆನ್ನುಹುರಿಗೆ ಹೋಗಿ, ನೋವಿನ ಸುದ್ದಿಯನ್ನು ಅಲ್ಲಿ ಅಡಗಿಸುತ್ತವೆ.

ಎಷ್ಟೋ ಸಲ ಒಂದೇ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಮತ್ತು ಟ್ರಮಡಾಲ್ ಎರಡೂ ಸೇರಿರುತ್ತವೆ. ಕಂಪನಿ ಇಟ್ಟ ಹೆಸರು ಬೇರೆಯೇ ಇರುವುದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಬರೆದಿರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ಅವರಿಂದ ಓದಿಸಿ.

ಐದು ದಿನದ ಮಾತ್ರೆ ಹನ್ನೊಂದು ತಿಂಗಳಾಗುವುದು ಹೇಗೆ?

ಓಪಿಯಾಯ್ಡ್ ದಿನವೂ ಹೋಗುತ್ತಿದ್ದರೆ ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ನಿನ್ನೆ ಒಂದು ಮಾತ್ರೆಗೆ ತಗ್ಗಿದ ನೋವಿಗೆ ಕೆಲವು ವಾರಗಳ ಮೇಲೆ ಎರಡು ಬೇಕಾಗುತ್ತದೆ. ಇದು ಮೊದಲ ಹೆಜ್ಜೆ.

ಎರಡನೇ ಹೆಜ್ಜೆಯಲ್ಲಿ, ಮಾತ್ರೆ ತಪ್ಪಿದರೆ ದೇಹ ಪ್ರತಿಭಟಿಸುತ್ತದೆ. ಮೈಕೈ ನೋವು, ಬೆವರು, ಪದೇ ಪದೇ ಆಕಳಿಕೆ, ಮೂಗು ಸೋರುವುದು, ಭೇದಿ, ಚಡಪಡಿಕೆ, ನಿದ್ದೆಗೇಡು. ಹಳೆಯ ಪೆಟ್ಟಿನ ಜಾಗವೂ ನೋಯುತ್ತದೆ. ಮನುಷ್ಯ ಏನೆಂದುಕೊಳ್ಳುತ್ತಾನೆ? ‘ಕಾಲು ಇನ್ನೂ ವಾಸಿಯಾಗಿಲ್ಲ, ಅದಕ್ಕೇ ಮಾತ್ರೆ ಬೇಕು’ ಎಂದು. ಮಾತ್ರೆ ನುಂಗಿದ ಅರ್ಧ ಗಂಟೆಗೆ ಎಲ್ಲ ಸರಿಯಾಗುತ್ತದೆ, ಅವನ ನಂಬಿಕೆ ಗಟ್ಟಿಯಾಗುತ್ತದೆ. ನಿಜಕ್ಕೂ ಆ ನೋವು ಮಾತ್ರೆ ತಪ್ಪಿದ್ದರಿಂದ ಬಂದ ನೋವು. ಟೈಲ್ಸ್ ಕೆಲಸದ ಆ ತಂದೆಗೆ ಆಗಿದ್ದು ಇದೇ. ಅವರು ನಶೆಗಾಗಿ ಮಾತ್ರೆ ತಿಂದವರಲ್ಲ. ಕೆಲಸಕ್ಕೆ ಹೋಗಬೇಕೆಂದು ತಿಂದವರು.

ದಿನಗಳ ಲೆಕ್ಕ ಎಷ್ಟು ಮುಖ್ಯ ಎಂಬುದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ತೋರಿಸಿತು. ಕ್ಯಾನ್ಸರ್ ಇಲ್ಲದ, ಮೊದಲ ಸಲ ಓಪಿಯಾಯ್ಡ್ ಪಡೆದ ಸುಮಾರು 13 ಲಕ್ಷ ಜನರ ದಾಖಲೆಗಳನ್ನು ಅವರು ನೋಡಿದರು. ಕನಿಷ್ಠ ಒಂದು ದಿನದ ಮಾತ್ರೆ ಪಡೆದವರಲ್ಲಿ ವರ್ಷದ ನಂತರವೂ ಅದನ್ನು ಬಳಸುತ್ತಿದ್ದವರು 100ಕ್ಕೆ 6. ಮೊದಲ ಸಲವೇ 8 ದಿನ ಅಥವಾ ಹೆಚ್ಚಿನ ಮಾತ್ರೆ ಪಡೆದವರಲ್ಲಿ 100ಕ್ಕೆ 13ಕ್ಕೂ ಹೆಚ್ಚು. 31 ದಿನ ಅಥವಾ ಹೆಚ್ಚಿನದು ಪಡೆದವರಲ್ಲಿ 100ಕ್ಕೆ ಸುಮಾರು 30. ಹೆಚ್ಚು ನೋವಿದ್ದವರಿಗೇ ಹೆಚ್ಚು ದಿನ ಬರೆದಿರಬಹುದು ಎಂಬುದನ್ನೂ ನೆನಪಿಡಬೇಕು. ಆದರೂ ಪಾಠ ಸ್ಪಷ್ಟ: ಮೊದಲ ವಾರದಲ್ಲಿ ನಿಲ್ಲಿಸುವುದು ಸುಲಭ, ತಿಂಗಳಾದ ಮೇಲೆ ಕಷ್ಟ.

ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಾರೆ. ಅದರಲ್ಲಿ ಹೆರಾಯಿನ್, ಅಫೀಮು ಬಳಸುವವರೂ ಇದ್ದಾರೆ, ಔಷಧದ ಅಂಗಡಿಯಲ್ಲಿ ಸಿಗುವಂಥದ್ದನ್ನು ಬಳಸುವವರೂ ಇದ್ದಾರೆ. ಇವರಲ್ಲಿ ಸುಮಾರು 77 ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕು ಎಂದು ವರದಿ ಹೇಳಿತು.

ಇದಕ್ಕೆ ಕಾನೂನಿನ ತಡೆಯೂ ಇದೆ. ಟ್ರಮಡಾಲ್ ‘ಎಚ್1’ ಪಟ್ಟಿಯಲ್ಲಿರುವ ಔಷಧ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. 2018ರ ಏಪ್ರಿಲ್‌ನಲ್ಲಿ ಇದನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಅಡಿಗೂ ತಂದರು. ‘ಚೀಟಿ ಹಳೆಯದು, ಕೊಡುವುದಿಲ್ಲ’ ಎಂದು ಅಂಗಡಿಯವರು ಹೇಳಿದರೆ ಜಗಳ ಮಾಡಬೇಡಿ. ಅವರು ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ಸಾಮಾನ್ಯ ಮಾತ್ರೆಗೆ ಅಷ್ಟು ಶಕ್ತಿ ಇದೆಯೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದ ಒಂದು ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಕೈ ಅಥವಾ ಕಾಲಿನ ತೀವ್ರ ನೋವಿನಿಂದ ಬಂದ 416 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ 400 ಮಿಲಿಗ್ರಾಂ ಐಬುಪ್ರೊಫೆನ್ ಮತ್ತು 1,000 ಮಿಲಿಗ್ರಾಂ ಪ್ಯಾರಾಸಿಟಮಾಲ್. ಉಳಿದ ಮೂರು ಗುಂಪುಗಳಿಗೆ ಒಂದೊಂದು ಬಗೆಯ ಓಪಿಯಾಯ್ಡ್ ಸೇರಿದ ಪ್ಯಾರಾಸಿಟಮಾಲ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಲಿಲ್ಲ. ಹತ್ತು ಅಂಕಗಳ ಅಳತೆಯಲ್ಲಿ ಅವರ ನೋವು ಸರಾಸರಿ 8.7 ಇತ್ತು. ಎರಡು ಗಂಟೆಯಲ್ಲಿ ಓಪಿಯಾಯ್ಡ್ ಇಲ್ಲದ ಗುಂಪಿನಲ್ಲಿ ನೋವು 4.3 ಅಂಕ ಇಳಿಯಿತು. ಓಪಿಯಾಯ್ಡ್ ಗುಂಪುಗಳಲ್ಲಿ ಇಳಿದದ್ದು 3.5ರಿಂದ 4.4. ಅಂದರೆ ಗಣನೆಗೆ ಬರುವ ವ್ಯತ್ಯಾಸವೇ ಇರಲಿಲ್ಲ.

ಅದು ಎರಡು ಗಂಟೆಯ ಲೆಕ್ಕ. ಆಪರೇಷನ್ ಆದವರ ಕಥೆ ಏನು? ಕೆನಡಾದಲ್ಲಿ ಮಂಡಿ ಮತ್ತು ಭುಜದ ಕೀಲಿಗೆ ದುರ್ಬೀನಿನ ಆಪರೇಷನ್ ಆದ ಸುಮಾರು 200 ಜನರ ಮೇಲೆ ನಡೆದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನಂತೆ ಓಪಿಯಾಯ್ಡ್ ಚೀಟಿ. ಇನ್ನೊಂದು ಗುಂಪಿಗೆ ನ್ಯಾಪ್ರೋಕ್ಸೆನ್, ಪ್ಯಾರಾಸಿಟಮಾಲ್, ಹೊಟ್ಟೆಯ ರಕ್ಷಣೆಗೆ ಒಂದು ಮಾತ್ರೆ ಮತ್ತು ನೋವನ್ನು ನಿಭಾಯಿಸುವುದು ಹೇಗೆಂದು ತಿಳಿಸುವ ಹಾಳೆ. ತಡೆಯಲಾಗದಿದ್ದರೆ ಮಾತ್ರ ಓಪಿಯಾಯ್ಡ್. ಆರು ವಾರಗಳಲ್ಲಿ ಎರಡನೇ ಗುಂಪು ಬಳಸಿದ ಓಪಿಯಾಯ್ಡ್ ತೀರಾ ಕಡಿಮೆ. ನೋವಿನಲ್ಲಿ ಮಾತ್ರ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ.

ಬಹಳ ಕಾಲದ ನೋವಿಗೂ ಇದೇ ಮಾತು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಹಳೆಯ ಬೆನ್ನುನೋವು, ಮಂಡಿ ಮತ್ತು ಸೊಂಟದ ಸವೆತದ ನೋವಿದ್ದ 240 ಜನರನ್ನು ಒಂದು ವರ್ಷ ಗಮನಿಸಿದರು. ಓಡಾಟ, ಕೆಲಸಗಳಲ್ಲಿ ಓಪಿಯಾಯ್ಡ್ ಗುಂಪಿಗೆ ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ. ನೋವು ಇನ್ನೊಂದು ಗುಂಪಿನಲ್ಲೇ ಸ್ವಲ್ಪ ಕಡಿಮೆ ಇತ್ತು. ಅಡ್ಡ ಪರಿಣಾಮ ಓಪಿಯಾಯ್ಡ್ ಗುಂಪಿನಲ್ಲಿ ಹೆಚ್ಚು.

ಹಾಗಾದರೆ ಓಪಿಯಾಯ್ಡ್ ಬೇಡವೇ ಬೇಡವೇ? ಹಾಗಲ್ಲ. ತೊಡೆಯ ಮೂಳೆ ಮುರಿದವರಿಗೆ, ದೊಡ್ಡ ಆಪರೇಷನ್ ಆದವರಿಗೆ ಮೊದಲ ಕೆಲವು ದಿನ ಅದು ಬೇಕಾಗಬಹುದು. ಕ್ಯಾನ್ಸರ್ ರೋಗಿಗಳಿಗಂತೂ ಮಾರ್ಫಿನ್ ದೊಡ್ಡ ಆಸರೆ. ಈ ಲೇಖನ ಓದಿ ಅಂಥವರ ಔಷಧವನ್ನು ಯಾರೂ ತಡೆಯಬಾರದು. ಮುರಿದ ಮೂಳೆಗೆ ಅದು ಕೆಲವೇ ದಿನದ ಅತಿಥಿಯಾಗಿರಬೇಕು ಎಂಬುದಷ್ಟೇ ನಮ್ಮ ಮಾತು.

ಮಾತ್ರೆಯ ಜೊತೆಗೆ ಏನೇನು?

ನೋವು ತಡೆಯಲಾರದಷ್ಟು ಏರಿದ ಮೇಲೆ ಮಾತ್ರೆ ನುಂಗುವುದು ನಮ್ಮ ರೂಢಿ. ಮೊದಲ ಕೆಲವು ದಿನ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ, ನೋವು ಏರುವ ಮೊದಲೇ ತೆಗೆದುಕೊಂಡರೆ ಸಾಮಾನ್ಯ ಮಾತ್ರೆಗಳೇ ಚೆನ್ನಾಗಿ ಕೆಲಸ ಮಾಡುತ್ತವೆ. ಊತ ಇರುವ ಕೈಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡುವುದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡುವುದು, ಪಟ್ಟಿ ಅಲುಗದಂತೆ ನೋಡಿಕೊಳ್ಳುವುದು, ಇವೂ ನೋವಿನ ಔಷಧವೇ.

ಆಪರೇಷನ್ ಇದ್ದರೆ ಅರಿವಳಿಕೆ ತಜ್ಞರನ್ನು, ‘ನರದ ಹತ್ತಿರ ಕೊಡುವ ಇಂಜೆಕ್ಷನ್ ನಮ್ಮವರಿಗೆ ಆಗುತ್ತದೆಯೇ?’ ಎಂದು ಕೇಳಿ. ಇದಕ್ಕೆ ನರ್ವ್ ಬ್ಲಾಕ್ ಎನ್ನುತ್ತಾರೆ. ಆ ಕೈ ಅಥವಾ ಕಾಲು ಮಾತ್ರ ಕೆಲವು ಗಂಟೆ ಮರಗಟ್ಟುತ್ತದೆ. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ನಮ್ಮ ಅಜ್ಜಿಯರಿಗೆ ಇದು ಬಹಳ ಉಪಯೋಗ. ವಯಸ್ಸಾದವರಿಗೆ ಓಪಿಯಾಯ್ಡ್‌ನಿಂದ ಮಂಪರು, ಗೊಂದಲ, ಮಲಬದ್ಧತೆ ಹೆಚ್ಚು.

ವೈದ್ಯರು ಅನುಮತಿ ಕೊಟ್ಟ ದಿನದಿಂದಲೇ ಫಿಜಿಯೋಥೆರಪಿ ಶುರು ಮಾಡಬೇಕು. ಬಿಗಿದುಕೊಂಡ ಕೀಲು, ಸೊರಗಿದ ಸ್ನಾಯು ಮೂಳೆ ಕೂಡಿದ ಮೇಲೂ ನೋಯುತ್ತವೆ. ಆ ನೋವಿಗೆ ಮದ್ದು ವ್ಯಾಯಾಮ, ಮಾತ್ರೆಯಲ್ಲ.

ಸಾಮಾನ್ಯ ಮಾತ್ರೆಗಳಿಗೂ ಮಿತಿ ಇದೆ. ಪ್ಯಾರಾಸಿಟಮಾಲ್ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು, ಅಂದರೆ 500 ಮಿಲಿಗ್ರಾಂನ 8 ಮಾತ್ರೆ. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಬೇರೆ ಮಾತ್ರೆಯಲ್ಲಿ ಸೇರಿರುವ ಪ್ಯಾರಾಸಿಟಮಾಲನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಮೊದಲೇ ಹೇಳಬೇಕು.

ರಮಝಾನ್ ತಿಂಗಳಲ್ಲಿ ಪೆಟ್ಟಾದವರು ನಮ್ಮನ್ನು ಕೇಳುವುದುಂಟು. ಹೊತ್ತಿಗೆ ಸರಿಯಾಗಿ ನುಂಗಬೇಕಾದ ಮಾತ್ರೆ ಉಪವಾಸದಲ್ಲಿ ತಪ್ಪುತ್ತದೆ. ಇಫ್ತಾರ್‌ಗೆ ಒಟ್ಟಿಗೆ ನಾಲ್ಕು ನುಂಗಿ ಸರಿದೂಗಿಸುವುದು ಅಪಾಯ. ಕಾಯಿಲೆಯವರು ಬಿಟ್ಟ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಲು ಕುರ್‌ಆನ್‌ನಲ್ಲೇ ಅವಕಾಶವಿದೆ. ವೈದ್ಯರನ್ನೂ ನಿಮ್ಮ ಆಲಿಮರನ್ನೂ ಕೇಳಿ ನಿರ್ಧರಿಸಿ.

ಒಂದು ಎಚ್ಚರಿಕೆ. ಪ್ಲಾಸ್ಟರ್ ಹಾಕಿದ ಮೇಲೆ ನೋವು ತಗ್ಗದೆ ಏರುತ್ತಲೇ ಹೋದರೆ, ಬೆರಳುಗಳು ಜೋಮು ಹಿಡಿದರೆ, ನೀಲಿಯಾದರೆ ಅಥವಾ ತಣ್ಣಗಾದರೆ, ಗಾಯದಲ್ಲಿ ಕೀವು ಬಂದರೆ, ಇನ್ನೊಂದು ಮಾತ್ರೆ ನುಂಗಿ ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ

ಮೊದಲನೆಯ ಮಾತು, ಒಮ್ಮೆಗೇ ನಿಲ್ಲಿಸಬೇಡಿ. ಮನೆಯವರು ಸಿಟ್ಟಿನಿಂದ ಮಾತ್ರೆ ಕಿತ್ತು ಎಸೆಯಬೇಡಿ. ದೇಹ ತತ್ತರಿಸುತ್ತದೆ. ವೈದ್ಯರು ವಾರಕ್ಕೆ ಇಷ್ಟಿಷ್ಟು ಎಂದು ಕಡಿಮೆ ಮಾಡುತ್ತಾ ಬರುತ್ತಾರೆ. ತಾವಾಗಿಯೇ ಪ್ರಮಾಣ ಹೆಚ್ಚಿಸುವುದೂ ಅಪಾಯ. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರಬಹುದು. ನಿದ್ದೆ ಮಾತ್ರೆ ಅಥವಾ ಮದ್ಯದ ಜೊತೆ ಸೇರಿದರೆ ಯಾವ ಓಪಿಯಾಯ್ಡ್ ಆದರೂ ಉಸಿರಾಟವನ್ನೇ ನಿಲ್ಲಿಸಬಹುದು.

ಎರಡನೆಯ ಮಾತು, ನಾಚಿಕೆ ಬೇಡ. ಚೀಟಿಯಿಂದ ಶುರುವಾದ ತೊಂದರೆಯನ್ನು ಚೀಟಿ ಬರೆಯುವವರ ಹತ್ತಿರವೇ ಹೇಳಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಫೋನ್ ಮಾಡಲು ಹಣ ಬೇಡ.

ಆಸ್ಪತ್ರೆಯಿಂದ ಮನೆಗೆ ಬರುವ ದಿನ ಈ ಐದು ಪ್ರಶ್ನೆಗಳನ್ನು ಕೇಳಿ. ಉತ್ತರವನ್ನು ಮಕ್ಕಳ ಕೈಯಲ್ಲಿ ಬರೆಸಿ, ಚೀಟಿಯ ಜೊತೆಗೆ ಪಿನ್ ಮಾಡಿ ಇಡಿ.

1. ಇದರಲ್ಲಿ ಓಪಿಯಾಯ್ಡ್ ಮಾತ್ರೆ ಯಾವುದು?
2. ಅದು ಎಷ್ಟು ದಿನ? ಯಾವ ತಾರೀಖಿಗೆ ನಿಲ್ಲಿಸಬೇಕು?
3. ಅದರ ಬದಲು ಪ್ಯಾರಾಸಿಟಮಾಲ್ ಮತ್ತು ಊತದ ಮಾತ್ರೆ ಸಾಕೇ? ನಮ್ಮವರ ಕಿಡ್ನಿ, ಹೊಟ್ಟೆಗೆ ಅದು ಸರಿಯೇ?
4. ನಿಲ್ಲಿಸಿದ ಮೇಲೂ ನೋವಿದ್ದರೆ ಯಾರನ್ನು ಕಾಣಬೇಕು?
5. ವ್ಯಾಯಾಮ ಯಾವಾಗ ಶುರು?

ಉಳಿದ ಓಪಿಯಾಯ್ಡ್ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅಕ್ಕಪಕ್ಕದವರ ಸೊಂಟನೋವಿಗೆ ಕೊಡಬೇಡಿ. ಅದು ಸದಕಾ ಅಲ್ಲ.

ದಾನಿಗಳಲ್ಲಿ ಒಂದು ಮಾತು

ನೀವು ಕೊಡುವ ಹಣ ಮಕ್ಕಳ ಓದಿಗೆ. ಅದು ಮನೆಯೊಳಗೆ ಹೋದ ಮೇಲೆ ಎಲ್ಲಿ ಸೋರುತ್ತದೆ ಎಂದು ನೋಡುವುದೂ ನಮ್ಮ ಹೊಣೆ. ಈ ವರ್ಷದಿಂದ ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸಿದ್ದೇವೆ: ‘ಮನೆಯಲ್ಲಿ ಯಾರಾದರೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?’ ಹೌದು ಎಂದು ಬರೆದರೆ ವಿದ್ಯಾರ್ಥಿವೇತನ ಕಡಿತವಾಗುವುದಿಲ್ಲ. ಈ ಉತ್ತರವನ್ನು ಆಯ್ಕೆ ಸಮಿತಿ ನೋಡುವುದೂ ಇಲ್ಲ. ಬೇಕೆಂದವರ ಜೊತೆ ನಮ್ಮ ಕಾರ್ಯಕರ್ತರು ಆಸ್ಪತ್ರೆಗೆ ಬರುತ್ತಾರೆ. ವೈದ್ಯಕೀಯ ನೆರವಿನ ನಿಧಿಯಿಂದ ಫಿಜಿಯೋಥೆರಪಿಗೆ ಹೋಗಿಬರುವ ಖರ್ಚನ್ನೂ ಕೊಡಲು ತೀರ್ಮಾನಿಸಿದ್ದೇವೆ.

ಟೈಲ್ಸ್ ಕೆಲಸದ ಆ ತಂದೆಯನ್ನು ನಮ್ಮ ಕಾರ್ಯಕರ್ತರೊಬ್ಬರು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾತ್ರೆ ಪೂರ್ತಿ ನಿಲ್ಲಲು ಮೂರು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಅವರು ಮತ್ತೆ ಹಳೆಯ ಪ್ರಮಾಣಕ್ಕೆ ಹೋದದ್ದೂ ಉಂಟು. ವೈದ್ಯರು ಬಯ್ಯಲಿಲ್ಲ, ಮತ್ತೆ ಮೊದಲಿನಿಂದ ಲೆಕ್ಕ ಹಾಕಿಕೊಟ್ಟರು. ಈಗಲೂ ಚಳಿಗಾಲದ ಬೆಳಗ್ಗೆ ಕಾಲು ನೋಯುತ್ತದೆ, ಆಗ ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತಾರೆ. ವಾರಕ್ಕೆ ನಾಲ್ಕು ದಿನ ಕೆಲಸಕ್ಕೆ ಹೋಗುತ್ತಾರೆ, ಅಲ್‌ಹಮ್ದುಲಿಲ್ಲಾಹ್.

ಮಗಳ ಈ ವರ್ಷದ ನವೀಕರಣ ಅರ್ಜಿ ಬಂದಿದೆ. ‘ಇತರೆ’ ಎಂಬಲ್ಲಿ, ‘ಅಬ್ಬಾರ ವ್ಯಾಯಾಮಕ್ಕೆ ಬಸ್ ಚಾರ್ಜು, 160 ರೂಪಾಯಿ’ ಎಂದು ಬರೆದಿದ್ದಾಳೆ. ಪುಸ್ತಕದ ಸಾಲಿನಲ್ಲಿ ಮೊತ್ತ ಹೆಚ್ಚಾಗಿದೆ.